ಎಲ್ಲರ ಸೆಕೆ

ನೆರೂಳದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಉಡುಪಿಯ ಅಕ್ಕ, ನಮ್ಮಲ್ಲಿಗೆ ಬಂದಾಗ ಫ್ಯಾನ್ ಜೋರು ಮಾಡುವ ಮೊದಲು ಕೇಳುತ್ತಿದ್ದರು: "ನಿಮಗೂ ಸೆಕೆ ಆಗ್ತಾ ಉಂಟಾ?" ಮೇ ತಿಂಗಳಲ್ಲಿ ಇದೆಂಥ ಪ್ರಶ್ನೆ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ಅವರ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿತ್ತು. ಮೈ ಸದಾ ಕಾದಿರುತ್ತಿತ್ತು. ಜನವರಿಯ ಮುಂಜಾನೆ ಲೋಕಲ್ ರೈಲಿನಲ್ಲಿ ಉಳಿದ ಹೆಂಗಸರು ಶಾಲು ಹೊದ್ದಿದ್ದರೆ, ಇವರು ಬೆವರುತ್ತ ಕಿಟಕಿಗೆ ಮುಖ ಒಡ್ಡುತ್ತಿದ್ದರು. "ಆಂಟಿ, ಖಿಡ್ಕಿ ಬಂದ್ ಕರೋ" ಎಂದು ಬೈಸಿಕೊಂಡು ಬೈಸಿಕೊಂಡು, ತಮ್ಮ ಮೈ ಹೇಳಿದ್ದನ್ನು ನಂಬುವುದನ್ನೇ ಬಿಟ್ಟಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಿಲ್ಡಿಂಗಿನವರೆಲ್ಲ ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಬಂದು ಕೂತೆವು. ವಿಜಾಪುರದ ಬಿಸಿಲು ಉಂಡು ಬೆಳೆದ ನನ್ನ ಅತ್ತೆಯೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಏನ್ ಧಗಿ ಐತವ್ವಾ, ಜೀವಾ ಹೋಗಾಕತ್ತೈತಿ!" ಎಂದರು.

ಬಾಗಿಲಲ್ಲೇ ನಿಂತಿದ್ದ ಅಕ್ಕ ಅತ್ತೆಯ ಕುತ್ತಿಗೆಯ ಬೆವರನ್ನು ನೋಡಿದರು. "ಧಗಿ ಅಂದ್ರೆ ಸೆಕೆಯಾ?"

"ಹೂಂ ಮತ್ತ!"

"ನಿಮಗೂ?"

"ಎಲ್ಲಾರಿಗೂ ಐತಿ, ತಂಗಿ."

ಅಕ್ಕನ ಮುಖ ಅರಳಿತು. "ಹಾಗಾದ್ರೆ ಇದು ನನ್ನದಲ್ಲ" ಎಂದವರೇ ನಮ್ಮ ನಡುವೆ ಜಾಗ ಮಾಡಿಕೊಂಡು ಕೂತು, ಎಲ್ಲರಿಗಿಂತ ಜೋರಾಗಿ ಬಿಸಿಲನ್ನು ಬೈಯತೊಡಗಿದರು.