ಕೊನೆಯ ಹಾಡು ಬಾಕಿ ಇದ್ದ ಕ್ಯಾಸೆಟ್

ನಮ್ಮ ಅಜ್ಜಿಗೆ ಸಂಗೀತದಲ್ಲಿ ಇದ್ದದ್ದು ಒಂದೇ ಕಾನೂನು: ಮಂಗಳ ಹಾಡಿದ ಮೇಲೆ ಮತ್ತೆ ಹಾಡಬಾರದು. ರಾಮನವಮಿ ಪೆಂಡಾಲಿನ ಕಚೇರಿಯಾಗಲಿ, ಮನೆಯ ರೇಡಿಯೋ ಆಗಲಿ, ಮಂಗಳ ಆಯಿತೆಂದರೆ ಅವತ್ತಿನ ಸಂಗೀತ ಮುಗಿದ ಹಾಗೆ. ಜಯನಗರದ ನಮ್ಮ ಮನೆಯಲ್ಲಿ ದೇವರನ್ನು ನಂಬದವರು ಇದ್ದರು, ಈ ಕಾನೂನನ್ನು ಮುರಿದವರು ಇರಲಿಲ್ಲ. ಅದನ್ನು ಜಪಾನಿನವರ ಮೇಲೂ ಹೇರಿದವಳು ನನ್ನ ಅಕ್ಕ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮಹಡಿ ಮನೆಗೆ ಒಬ್ಬ ಜಪಾನಿ ಎಂಜಿನಿಯರ್ ಮತ್ತು ಅವರ ಹೆಂಡತಿ ಬಾಡಿಗೆಗೆ ಬಂದರು. ಗಂಡ ಕಾರ್ಖಾನೆಗೆ ಹೊರಟರೆ ಆಕೆಗೆ ಹೊತ್ತೇ ಹೋಗುತ್ತಿರಲಿಲ್ಲ. ಕೆಳಗೆ ನಮ್ಮ ಅಕ್ಕ ಅಡುಗೆಮನೆಯ ಡಬ್ಬಗಳನ್ನೆಲ್ಲ ಬೋರಲು ಹಾಕಿಕೊಂಡು ಎರಡು ಮರದ ಸೌಟಿನಲ್ಲಿ ಬಾರಿಸುತ್ತಿದ್ದಳು. ಬೀದಿಯವರೆಲ್ಲ ಬೈಯುತ್ತಿದ್ದ ಆ ಸದ್ದಿಗೆ ಆಕೆ ಮೆಟ್ಟಿಲಿಳಿದು ಬಂದು, ಮಣೆಯ ಮೇಲೆ ಕೂತು, ತಲೆ ಆಡಿಸುತ್ತಾ ಕೇಳಿದರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಆದರೂ ಗಂಟೆಗಟ್ಟಲೆ ಅದೇನು ಮಾತಾಡುತ್ತಿದ್ದರೋ!

ಊರಿಗೆ ವಾಪಸು ಹೋಗುವಾಗ ಆಕೆ ಅಕ್ಕನಿಗೆ ಒಂದು ಕ್ಯಾಸೆಟ್ ಕೊಟ್ಟರು. ಹೆಂಗಸರೇ ಕಟ್ಟಿದ ರಾಕ್ ಬ್ಯಾಂಡೊಂದು ಬೇರೆಯಾಗುವ ಮುಂಚೆ ಕೊಟ್ಟ ಕೊನೆಯ ಕಾರ್ಯಕ್ರಮದ ರೆಕಾರ್ಡಿಂಗ್ ಅದು. ತಾನೂ ಅವತ್ತು ಆ ಜನರ ನಡುವೆ ನಿಂತಿದ್ದೆ ಎಂದರು. "ಲಾಸ್ಟ್ ಸಾಂಗ್, ಎವ್ರಿಬಡಿ ಕ್ರೈ" ಎಂದು ಕಣ್ಣೊರೆಸಿಕೊಂಡು ತೋರಿಸಿದರು. ಕವರಿನ ಫೋಟೋದಲ್ಲಿ ಹಾಡುವವಳು, ಗಿಟಾರಿನವರು ಎಲ್ಲ ಮುಂದೆ. ಡ್ರಮ್ಸ್ ಬಾರಿಸುವವಳ ಮುಖ ಮಾತ್ರ ಅರ್ಧಂಬರ್ಧ ಕಾಣುತ್ತಿತ್ತು.

"ನೋಡೋ, ಹಿಂದೆ ಕೂತಿದಾಳಲ್ಲ, ಅದು ನಾನು," ಎಂದಳು ಅಕ್ಕ.

"ನಿನ್ನ ಮೂಗು ಅವಳದಕ್ಕಿಂತ ದಪ್ಪ ಇದೆ," ಎಂದೆ. ಬೆನ್ನಿಗೆ ಗುದ್ದು ಬಿತ್ತು.

ಅಂದಿನಿಂದ ಮನೆಯಲ್ಲಿ ದಿನಾ ಜಪಾನೀ ಗಲಾಟೆ. ಅರ್ಥ ಒಂದು ಅಕ್ಷರವೂ ಆಗದಿದ್ದರೂ ನನಗೆ ಬಾಯಿಪಾಠವಾಗಿತ್ತು. ಆದರೆ ಕೊನೆಯ ಹಾಡು ಮಾತ್ರ ನಾವ್ಯಾರೂ ಕೇಳಿರಲಿಲ್ಲ. ಆ ಹಾಡಿಗೆ ಮೊದಲು ಹಾಡುಗಾತಿ ಗದ್ಗದವಾಗಿ ಏನೋ ಮಾತಾಡುತ್ತಾಳೆ. ಮಾತು ಶುರುವಾಯಿತೋ ಇಲ್ಲವೋ, ಅಕ್ಕ ಓಡಿ ಬಂದು ಟೂ-ಇನ್-ಒನ್ ಟೇಪ್ ರೆಕಾರ್ಡರ್ ಆರಿಸುವಳು. "ಅದು ಅವರ ಮಂಗಳ. ಕೇಳಿಬಿಟ್ರೆ ಮುಗೀತು. ನಾನು ಸ್ಟೇಜ್ ಮೇಲೆ ನಿಜವಾದ ಡ್ರಮ್ಸ್ ಬಾರಿಸಿದ ದಿನ ಕೇಳ್ತೀನಿ," ಎನ್ನುವಳು. ಅಜ್ಜಿಗೆ ಮೊಮ್ಮಗಳ ಮೇಲೆ ಅವತ್ತು ಬಂದಷ್ಟು ಅಭಿಮಾನ ಮತ್ತೆಂದೂ ಬರಲಿಲ್ಲ. ಟೇಪನ್ನು ಹಾಗೇ ಓಡಲು ಬಿಟ್ಟರೆ ಕೊನೆಗೆ ಅದರ ಪ್ಲೇ ಗುಂಡಿ ತಾನಾಗೇ ಟಕ್ಕನೆ ಮೇಲೆ ಹಾರುತ್ತಿತ್ತು. ಆ ಕ್ಯಾಸೆಟ್ಟಿನಲ್ಲಿ ಮಾತ್ರ ಅದು ಹಾರಿದ್ದೇ ಇಲ್ಲ.

ಕಾಲೇಜಿನಲ್ಲಿ ಅಕ್ಕ ಹುಡುಗಿಯರದೇ ಒಂದು ತಂಡ ಕಟ್ಟಿದಳು. ಬಿ.ಟಿ.ಎಂ. ಲೇಔಟಿನಲ್ಲಿ ಗೆಳತಿಯ ಮನೆಯ ಗ್ಯಾರೇಜಿನಲ್ಲಿ ಅಭ್ಯಾಸ. ಕಾಲೇಜು ಹಬ್ಬಕ್ಕೆ ಹೆಸರು ಕೊಟ್ಟಿದ್ದರು. ಅದೇ ಹೊತ್ತಿಗೆ ಅವಳಿಗೆ ಕುಕ್ಕರ್ ಕೂಗಿದ್ದು ಕೇಳದೆ ಬೇಳೆ ಸೀದುಹೋಯಿತು. ಅಮ್ಮ ಬೈದರು. ಆಮೇಲೆ ಬಾಗಿಲು ಬಡಿದಿದ್ದು ಕೇಳಲಿಲ್ಲ. ಆಮೇಲೆ ನಾವು ಕರೆದಿದ್ದು. ಗ್ಯಾರೇಜಿನಲ್ಲಿ ಗಿಟಾರಿನವಳು ನಿಲ್ಲಿಸಿದರೂ ಇವಳು ಬಾರಿಸುತ್ತಲೇ ಇದ್ದಳಂತೆ. ಹಬ್ಬಕ್ಕೆ ಅವಳು ಹೋಗಲೇ ಇಲ್ಲ.

ಜೆ.ಪಿ. ನಗರದ ಕಿವಿ ಡಾಕ್ಟರು ನರ ಸೋಲುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದರು. ಡಬ್ಬ ಬಡಿದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಒತ್ತಿ ಹೇಳಿದರು. ಆದರೆ ನೆಂಟರಿಗೆ ಡಾಕ್ಟರಿಗಿಂತ ಹೆಚ್ಚು ಗೊತ್ತಿತ್ತು. ಒಬ್ಬರು ಬೆಳ್ಳುಳ್ಳಿ ಎಣ್ಣೆ ಬಿಡಿ ಎಂದರು, ಇನ್ನೊಬ್ಬರು ಸಿದ್ದಾಪುರದಲ್ಲಿ ಯಾರೋ ಬೇರು ಕಟ್ಟುತ್ತಾರೆ ಎಂದರು. ಬಂದವರೆಲ್ಲ "ಡಬ್ಬ ಬಡಿದೂ ಬಡಿದೂ..." ಎಂದು ರಾಗ ಎಳೆಯುವಾಗ ನನಗೆ ಅವರ ಕಾಫಿಗೆ ಉಪ್ಪು ಸುರಿಯಬೇಕೆನಿಸುತ್ತಿತ್ತು. ಸುರಿಯಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ನಾನು ಅಮ್ಮನ ಮೇಲೆ ರೇಗುತ್ತಿದ್ದೆ. ಅಮ್ಮ ದೇವರ ಮೇಲೆ ರೇಗುತ್ತಿದ್ದರು. ಕಿವಿಯ ಮಿಷನ್ ಹಾಕಿಸಿದೆವು. ಕೆಲವು ಕಾಲ ಗುಂಯ್ ಎನ್ನುವ ಸದ್ದು ಬರುತ್ತಿತ್ತಂತೆ, ಆಮೇಲೆ ಅದೂ ಇಲ್ಲ.

ಅಜ್ಜಿ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ಅಕ್ಕ ಟೂ-ಇನ್-ಒನ್ ಎತ್ತಿಕೊಂಡು ನನ್ನ ಮುಂದೆ ಬಂದು ಕೂತಳು. ಒಳಗೆ ಅದೇ ಕ್ಯಾಸೆಟ್.

"ಕೊನೇ ಹಾಡು ಹಾಕೋ," ಎಂದಳು. ತನ್ನ ದನಿ ತನಗೆ ಕೇಳದ್ದರಿಂದ ಅವಳ ಮಾತು ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. "ಕಿವುಡನ ಮುಂದೆ ಕಿನ್ನರಿ ಅಂದ್ಕೋಬೇಡ. ನೀನು ಕೇಳು. ಕೇಳಿದ್ದನ್ನ ನನ್ನ ಕೈ ಮೇಲೆ ಬಾರಿಸು."

ನಾನು ಹುಟ್ಟಾ ತಾಳಗೇಡಿ. ಭಜನೆಯಲ್ಲಿ ನನ್ನ ಕೈಯಿಂದ ತಾಳ ಕಿತ್ತುಕೊಳ್ಳುತ್ತಿದ್ದರು. ಆದರೂ ಹಾಡು ಹಾಕಿದೆ. ಅವಳು ಬಲಗೈಯನ್ನು ನನ್ನ ಮುಂದೆ ಚಾಚಿ, ಎಡಗೈಯನ್ನು ಟೂ-ಇನ್-ಒನ್ ಮೇಲಿಟ್ಟು ಕಣ್ಣು ಮುಚ್ಚಿದಳು. ಹಾಡುಗಾತಿಯ ದನಿ ನಡುವೆ ಒಡೆಯಿತು, ಸಾವಿರಾರು ಜನ ಒಟ್ಟಿಗೆ ದನಿಗೂಡಿಸಿದರು. ಅದನ್ನೆಲ್ಲ ಒಂದು ಅಂಗೈಯ ಮೇಲೆ ಹೇಗೆ ಹೇಳಲಿ? ಎರಡು ಬೆರಳಲ್ಲಿ ತಟ್ಟಿದೆ, ತಟ್ಟುತ್ತಾ ಹೋದೆ. ಒಂದು ಕಡೆ ಡ್ರಮ್ಸ್ ನಿಂತೇಹೋಯಿತು. ನಾನೂ ನಿಲ್ಲಿಸಿದೆ.

"ಮರೆತ್ಯಾ?" ಎಂದಳು.

ಅವಳ ಕೈಯನ್ನು ಅಲ್ಲಾಡಿಸಿ ಇಲ್ಲವೆಂದೆ.

"ಹಾಗಾದ್ರೆ ಅವಳು ಅಳ್ತಿದಾಳೆ," ಎಂದಳು, ನೋಡಿದವಳ ಹಾಗೆ.

ಡ್ರಮ್ಸ್ ಮತ್ತೆ ಶುರುವಾಯಿತು. ನಾನೂ ತಟ್ಟತೊಡಗಿದೆ. ನನಗೆ ಕಣ್ಣು ಮಂಜಾಗಿ ಎಲ್ಲ ತಪ್ಪುತ್ತಿತ್ತು. ಹಾಡು ಮುಗಿಯಿತು, ಚಪ್ಪಾಳೆಯೂ ಮುಗಿಯಿತು. ಬರೀ ಟೇಪಿನ ಸರಸರ. ನನ್ನ ಬೆರಳು ನಿಲ್ಲಲು ಒಪ್ಪಲಿಲ್ಲ. ಅವಳ ಕಣ್ಣು ಮುಚ್ಚಿದೆ, ಕಿವಿ ಕೇಳುವುದಿಲ್ಲ, ನಾನು ನಿಲ್ಲಿಸದಿದ್ದರೆ ಅವಳ ಪಾಲಿಗೆ ಹಾಡು ಮುಗಿಯುವುದಿಲ್ಲ ಎಂದುಕೊಂಡು ನನಗೆ ತೋಚಿದ್ದನ್ನೆಲ್ಲ ಬಾರಿಸುತ್ತಾ ಹೋದೆ. ಗುಂಡಿ ಟಕ್ಕನೆ ಮೇಲೆ ಹಾರಿದಾಗಲೂ ನಿಲ್ಲಿಸಲಿಲ್ಲ.

ಅಕ್ಕ ಇನ್ನೂ ಸ್ವಲ್ಪ ಹೊತ್ತು ಕೈ ಹಾಗೇ ಕೊಟ್ಟಿದ್ದಳು. ಆಮೇಲೆ ಕಣ್ಣು ಬಿಟ್ಟಳು. ಆಗ ನೋಡಿದೆ, ಅವಳ ಎಡಗೈ ಬೆರಳು ಮೊದಲಿನಿಂದಲೂ ಆ ಗುಂಡಿಯ ಮೇಲೇ ಇತ್ತು.

"ಸಾಕು ಬಿಡೋ," ಎಂದು ನನ್ನ ಬೆರಳುಗಳನ್ನು ಮಡಿಸಿ ಹಿಡಿದುಕೊಂಡಳು. "ಮಂಗಳ ಆದ್ಮೇಲೆ ಬಾರಿಸಿದ್ರೆ ಅಜ್ಜಿ ಬೈತಾರೆ."