ತಮ್ಮ ಬಿಟ್ಟ ಮಾತ್ರೆ, ಅಕ್ಕ ಒರೆಸುವ ನೆಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಡ್ನಿ ಕಸಿ ವಾರ್ಡಿನಲ್ಲಿ ಮೂಗು, ಬಾಯಿಗೆ ಮಾಸ್ಕ್ ಬಿಗಿದುಕೊಂಡು ಅಕ್ಕ ನೆಲ ಒರೆಸುತ್ತಿದ್ದಾಳೆ. ವಾರ್ಡಿಗೆಲ್ಲ ಅವಳು ಅಕ್ಕನೇ. ಮಂಚದ ಕಂಬಿ, ಬಾಗಿಲ ಹಿಡಿ, ನಲ್ಲಿಯ ತಿರುಪು, ಯಾವುದೂ ಅವಳ ಬಟ್ಟೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ನೋಡಲು ಬಂದವರು ಸೀನಿದರೆ ಮುಗಿಯಿತು, ಎಂಥ ದೊಡ್ಡ ಮನುಷ್ಯರಿದ್ದರೂ ಹೊರಗೆ ಅಟ್ಟುತ್ತಾಳೆ. "ಇಲ್ಲಿರೋರಿಗೆ ನೆಗಡೀನೂ ಯಮ" ಎನ್ನುತ್ತಾಳೆ.

ಬೇರೆಯವರ ಕಿಡ್ನಿ ಒಳಗೆ ಬಂದರೆ ಮೈಯ ರೋಗನಿರೋಧಕ ಶಕ್ತಿ ಅದನ್ನು ಶತ್ರುವೆಂದೇ ಬಗೆದು ಮೇಲೆ ಬೀಳುತ್ತದೆ. ಆ ಶಕ್ತಿಯನ್ನು ಅದುಮಿಡುವ ಮಾತ್ರೆಗಳನ್ನು ಕಿಡ್ನಿ ಬಾಳುವಷ್ಟು ಕಾಲವೂ ನುಂಗಬೇಕು. ಜೊತೆಗೆ ಉರಿಯೂತ ತಗ್ಗಿಸುವ ಸ್ಟೆರಾಯ್ಡ್. "ಕಾವಲು ನಾಯಿ ಬಾಯಿ ಕಟ್ಟಿದಂಗೆ. ನೆಂಟರೂ ಒಳಗೆ ಬರ್ತಾರೆ, ಕಳ್ಳನೂ ಬರ್ತಾನೆ" ಎಂದು ನರ್ಸ್ ಒಬ್ಬರು ಹೇಳಿಕೊಟ್ಟದ್ದನ್ನು ಅಕ್ಕ ಒಪ್ಪಿಸುತ್ತಾಳೆ. ಕಳ್ಳನೆಂದರೆ ಸೋಂಕು. ಅದರ ಮೇಲೆ ಈ ಮಾತ್ರೆಗಳಿಂದ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕೈ ನಡುಗುತ್ತದೆ.

ಅವಳ ತಮ್ಮನಿಗೂ ಹೀಗೇ ಆಯಿತು. ಅವನದು ಕ್ಷೌರದ ವೃತ್ತಿ. ಅಕ್ಕ ಕೊಟ್ಟ ಕಿಡ್ನಿಯಿಂದ ಚೇತರಿಸಿಕೊಂಡು ಅಂಗಡಿಗೆ ಮರಳಿದರೆ, ದಿನವಿಡೀ ಎದುರಿನ ಕನ್ನಡಿಯಲ್ಲಿ ತನ್ನದೇ ಊದಿದ ಮುಖ. "ಏನಪ್ಪಾ, ಅಕ್ಕನ ಕೈ ಅಡುಗೆ ಚೆನ್ನಾಗೇ ಹಿಡಿಸಿದೆ" ಎಂದು ಗಿರಾಕಿಗಳು ಛೇಡಿಸುತ್ತಿದ್ದರು. ಕತ್ತಿ ಹಿಡಿದ ಕೈ ನಡುಗುವುದು ಕಂಡ ಮೇಲೆ ಅವರೂ ಬರುವುದು ಬಿಟ್ಟರು. ಡಾಕ್ಟರಿಗೆ ಹೇಳಿದ್ದರೆ ಮಾತ್ರೆಯ ಪ್ರಮಾಣ ಹೊಂದಿಸುತ್ತಿದ್ದರೇನೋ. ಅವನು ಯಾರಿಗೂ ಹೇಳದೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದ.

"ಅಕ್ಕನ ಕಿಡ್ನಿ ತಾನೇ, ಒಂದೇ ರಕ್ತ, ನನ್ನ ಮೈ ಅದರ ಜೊತೆ ಯಾಕೆ ಜಗಳ ಆಡುತ್ತೆ ಅಂದ್ಕೊಂಡನಂತೆ" ಎನ್ನುವಾಗ ಅಕ್ಕ ಬಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂಡುತ್ತಾಳೆ. ಮೈಗೆ ಅಕ್ಕ ತಮ್ಮ ಎಂಬ ದಾಕ್ಷಿಣ್ಯವಿಲ್ಲ. ಕಿಡ್ನಿ ಹಾಳಾಯಿತು. ಅವಳು ಮೈ ಕೊಯ್ಯಿಸಿಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಈಗ ತಮ್ಮ ಇದೇ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುತ್ತಾನೆ. ಆ ಕೋಣೆಯ ನೆಲವೂ ಅವಳ ಪಾಲಿನದೇ. ಅವಳು ಮಂಚದ ಹತ್ತಿರ ಬಂದ ಕೂಡಲೇ ಅವನು ಗೋಡೆಗೆ ಮುಖ ತಿರುಗಿಸುತ್ತಾನೆ. ಅವಳು ಅಡಿಯೆಲ್ಲ ಒರೆಸಿ, ಚಪ್ಪಲಿ ಜೋಡಿಸಿಟ್ಟು ಮುಂದೆ ಹೋಗುತ್ತಾಳೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕುತ್ತಾಳೆ.

"ಒಂದ್ಸಲ ಈ ಕಡೆ ತಿರುಗಿ 'ತಪ್ಪಾಯ್ತಕ್ಕ' ಅನ್ಲಿ, ಸಾಕು. ಕ್ಷಮಿಸಿಬಿಡ್ತೀನಿ ಅಂತಲ್ಲ. ಹೊಟ್ಟೆ ತುಂಬ ಬೈಬೇಕು. ಗೋಡೆ ಕಡೆ ತಿರುಗಿರೋನಿಗೆ ಏನಂತ ಬೈಯ್ಲಿ?"