ಗ್ರೈಂಡರ್ ಹಿಡಿದು ನಿಂತವಳ ತೂಕ

ನಮ್ಮ ಮನೆಯ ಬಾಗಿಲ ಬಳಿ, ಚಪ್ಪಲಿ ಗೂಡಿನ ಪಕ್ಕದಲ್ಲಿ, ಒಂದು ತೂಕದ ಯಂತ್ರವಿದೆ. ಬೇರೆಯವರ ಮನೆಗಳಲ್ಲಿ ಅದು ಬಚ್ಚಲಲ್ಲಿರುತ್ತದೆ; ಜನ ಬೆಳಗೆದ್ದು ಅದರ ಮೇಲೆ ನಿಂತು ಬೇಸರಪಟ್ಟುಕೊಳ್ಳುತ್ತಾರೆ. ನಮ್ಮದು ಮಾತ್ರ ಕೊಂಡ ದಿನದಿಂದ ಸೂಟ್‌ಕೇಸುಗಳನ್ನಲ್ಲದೆ ಬೇರೇನನ್ನೂ ಹೊತ್ತಿರಲಿಲ್ಲ. ಊರಿಗೆ ಹೊರಡುವ ವಾರ ಅದು ನಡುಮನೆಗೆ ಬರುತ್ತದೆ, ಪೆಟ್ಟಿಗೆಗಳು ಒಂದೊಂದಾಗಿ ಅದರ ಮೇಲೆ ಏರಿ ಇಳಿಯುತ್ತವೆ. ಇಪ್ಪತ್ತಮೂರು ಕಿಲೋಗೆ ಹೆಚ್ಚಾಗಬಾರದು, ಕಡಿಮೆಯಾದರೂ ಮನಸ್ಸಿಗೆ ಸಮಾಧಾನವಿಲ್ಲ. ಈ ವಿದ್ಯೆಯಲ್ಲಿ ಅಮೆರಿಕದ ನಮ್ಮೂರಾದ ವುಡಿನ್‌ವಿಲ್‌ನಲ್ಲೆಲ್ಲ ನಮ್ಮನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಸಾಲದ್ದಕ್ಕೆ ನನ್ನ ಉದ್ಯೋಗವೂ ತೂಕದ್ದೇ. ವಿಮಾನದ ಕುರ್ಚಿಯಿಂದ ತಿರುಪಿನವರೆಗೆ ಯಾವುದು ಎಷ್ಟು ತೂಗುತ್ತದೆಂದು ಕೂಡಿಸಿ ಬರೆದಿಡುವವನು ನಾನು. ಇಂಥವನು ಒಂದು ಪಿಕಪ್ ಟ್ರಕ್ಕಿನ ಮುಂದೆ ಹೇಗೆ ಮುಗ್ಗರಿಸಿದೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಡ್ಡಿಯಿಲ್ಲ.

ನಮ್ಮ ಒಬ್ಬಳೇ ಮಗಳು ಇಂಚರ ಹನ್ನೊಂದನೆಯ ವಯಸ್ಸಿನಿಂದ ಹತ್ತಿರದ ಲಾಯವೊಂದರಲ್ಲಿ ಲದ್ದಿ ಬಾಚುತ್ತ ಬೆಳೆದವಳು. ಲಾಯದೊಡತಿ ಅವಳ ಸೇವೆಗೆ ಮೆಚ್ಚಿ ಬಿಸ್ಕಿಟ್ ಎಂಬ ವಯಸ್ಸಾದ ಕುದುರೆಯನ್ನು ಅವಳಿಗೇ ಕೊಟ್ಟುಬಿಟ್ಟಳು. ಈಗ ಪಶುವೈದ್ಯಕೀಯ ಓದಲು ಬೆಟ್ಟಗಳಾಚೆಯ ಪೂರ್ವದ ಊರಿಗೆ ಹೊರಟ ಮಗಳು, ಬಿಸ್ಕಿಟ್ ಇಲ್ಲದೆ ಹೋಗುವುದಿಲ್ಲವೆಂದಳು. ನಾನು, ನನ್ನ ಟ್ರಕ್ಕಿಲ್ಲದೆ ನೀನು ಹೋಗುವುದಿಲ್ಲವೆಂದೆ. ಟ್ರಕ್ಕು ಆಗಿನ್ನೂ ನನ್ನ ಬಳಿ ಇರಲಿಲ್ಲ; ಆ ವಾರವೇ ತಂದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಅವಳು ಆ ಹೊಸ ಊರಲ್ಲಿ ಕೆಳಗಿಳಿಯುವಾಗ ನಾನು ಪಕ್ಕದಲ್ಲಿ ಕೂತಿರಬೇಕೆಂಬುದೊಂದೇ ನನ್ನ ಆಸೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಟ್ರಕ್ಕಿನ ಮಾತಾಡಿದೆ.

ಟ್ರಕ್ಕಿನ ಹಿಂದೆ ಕಟ್ಟಿ ಕುದುರೆಯನ್ನು ಒಯ್ಯುವ ಟ್ರೇಲರನ್ನು ಮಾರಿದ ಮುದುಕ ಎಷ್ಟು ಕುದುರೆಗಳಿವೆ ಎಂದು ಕೇಳಿದ. ಒಂದು ಎಂದೆ. ಹಾಗಾದರೆ ಮೂರು ಕುದುರೆಯ ಟ್ರೇಲರ್ ಏಕೆ ಎಂದ. ನಾಳೆ ಯಾರಾದರೂ ಬಂದರೆ ಇರಲಿ ಎಂದುಬಿಟ್ಟೆ. ಮೂವರ ಸಂಸಾರಕ್ಕೆ ಹನ್ನೆರಡು ಜನರ ಕುಕ್ಕರ್ ಇಟ್ಟುಕೊಂಡ ಜನ ನಾವು. ಕುದುರೆಗೂ ನೆಂಟರಿಷ್ಟರು ಇರುತ್ತಾರಲ್ಲ ಎಂಬ ಭಾವ ಒಳಗೆಲ್ಲೋ ಇದ್ದಿರಬೇಕು. ಆ ಟ್ರೇಲರಿನ ಮುಂಭಾಗದಲ್ಲಿ ಮಂಚ, ಒಲೆ, ನೀರಿನ ತೊಟ್ಟಿ ಇದ್ದ ಪುಟ್ಟ ಕೋಣೆಯೊಂದಿತ್ತು. ಅದನ್ನು ಕಂಡದ್ದೇ ತಡ, ನನ್ನ ಹೆಂಡತಿ ಗಿರಿಜೆ ಅದನ್ನು ಅಡುಗೆಮನೆಯೆಂದು ಘೋಷಿಸಿ ತೊಟ್ಟಿಗೆ ತುಂಬ ನೀರು ಹಿಡಿದಳು.

ಇದು ಗೂಸ್‌ನೆಕ್ ಟ್ರೇಲರ್. ಸಾಮಾನ್ಯ ಟ್ರೇಲರಿನಂತೆ ಬಂಪರಿಗೆ ಬಾಲವಾಗಿ ತಗುಲಿಕೊಳ್ಳುವುದಲ್ಲ. ಹೆಬ್ಬಾತಿನ ಕೊರಳಿನಂತೆ ಮೇಲೆದ್ದು ಬಾಗಿ, ಟ್ರಕ್ಕಿನ ತೆರೆದ ಹಿಂಭಾಗದ ನಟ್ಟನಡುವೆ ತನ್ನ ಭಾರ ಊರಿ ಕೂರುವುದು. ಟ್ರಕ್ಕಿನ ಜಾಹೀರಾತು ಹದಿನೆಂಟು ಸಾವಿರ ಪೌಂಡು ಎಳೆಯುತ್ತದೆಂದು ಸಾರಿತ್ತು. ಟ್ರೇಲರು, ಕುದುರೆ, ಹುಲ್ಲು, ತೊಟ್ಟಿಯ ನೀರು, ಎಲ್ಲ ಸೇರಿ ಏಳು ಸಾವಿರದ ಇನ್ನೂರು. ಅರ್ಧಕ್ಕೂ ಕಡಿಮೆ. ನಾನು ಕಾಫಿ ಕುಡಿಯುತ್ತ, ಇನ್ನೊಂದು ಟ್ರೇಲರನ್ನೂ ಕಟ್ಟಬಹುದು ಎಂದೆ.

ಇಂಚರ ಚಾಲಕನ ಬಾಗಿಲು ತೆರೆದು ನಿಂತಿದ್ದಳು. ಕನ್ನಡವೆಲ್ಲ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ದಟ್ಸ್ ಟೋಯಿಂಗ್, ಅಪ್ಪಾ. ವಾಟ್ ಅಬೌಟ್ ಪೇಲೋಡ್?"

ಬಾಗಿಲ ಸಂದಿಯಲ್ಲಿ, ನಾನು ದಿನವೂ ಹತ್ತಿಳಿಯುವಾಗ ಭುಜಕ್ಕೆ ತಾಗುವಂತಿದ್ದ ಜಾಗದಲ್ಲಿ, ಅಂಗೈಯಗಲದ ಚೀಟಿ ಅಂಟಿಸಿತ್ತು. ಈ ವಾಹನ ತನ್ನ ಮೈಮೇಲೆ ಹೊರಬಲ್ಲದ್ದು ಎರಡು ಸಾವಿರದ ಇನ್ನೂರು ಪೌಂಡು, ಕೂತ ಜನರನ್ನೂ ಸೇರಿಸಿ. ಗೂಸ್‌ನೆಕ್ಕಿನ ಭಾರದಲ್ಲಿ ಕಾಲು ಪಾಲು ಟ್ರಕ್ಕಿನ ಬೆನ್ನಿಗೇ ಬೀಳುತ್ತದೆ. ಅದೇ ಸಾವಿರದ ಎಂಟುನೂರು. ಉಳಿದದ್ದು ನಾನೂರು. ಅದರೊಳಗೆ ನಾವು ಮೂವರೂ ಗಿರಿಜೆಯ ಸಾಮಾನೂ ಅಡಗಬೇಕು. ನನ್ನ ಕಾಫಿ ತಣ್ಣಗಾಯಿತು.

ಎಳೆಯುವುದೇ ಬೇರೆ, ಹೊರುವುದೇ ಬೇರೆ ಎಂದು ಈ ವಯಸ್ಸಿನಲ್ಲಿ ಕಲಿಯಬೇಕಾಯಿತು ನೋಡಿ. ಎತ್ತುಗಳು ಲೀಲಾಜಾಲವಾಗಿ ಎಳೆಯುವ ಗಾಡಿಯ ಹೇರನ್ನೆಲ್ಲ ಅವುಗಳ ಬೆನ್ನಿಗೇ ಹೇರಿದರೆ ಏನಾದೀತು? ನಮ್ಮ ಕನ್ನಡ ಕೂಟದಲ್ಲೂ ಮೈಕು ಹಿಡಿದು ಎಲ್ಲರನ್ನೂ ಮುಂದಕ್ಕೆಳೆಯುವವರು ಕೆಲವರು, ಹಿಂಬಾಗಿಲಲ್ಲಿ ಚಿತ್ರಾನ್ನದ ಪಾತ್ರೆ ಹೊರುವವರು ಬೇರೆ ಕೆಲವರು. ಜಾಹೀರಾತಿನಲ್ಲಿ ಬರುವುದು ಎಳೆಯುವವರ ಅಂಕಿ. ಹೊರುವವರ ಅಂಕಿಯನ್ನು ಬಾಗಿಲ ಸಂದಿಯಲ್ಲಿ ಅಂಟಿಸಿರುತ್ತಾರೆ. ನಮ್ಮ ಮನೆಯಲ್ಲಿ ನಾನು ಯಾವ ಗುಂಪಿನವನು ಎಂದು ಯೋಚಿಸಿ, ಉತ್ತರ ಹಿಡಿಸದೆ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಸರಿ, ಹೊರಡುವ ಬೆಳಗ್ಗೆ ತೂಕದ ಯಂತ್ರ ಅಂಗಳಕ್ಕೆ ಬಂತು. ಬಿಸ್ಕಿಟ್ ಸಂಕೋಚವಿಲ್ಲದೆ ಹೊಟ್ಟೆಗೆ ಅಳತೆಯ ಪಟ್ಟಿ ಸುತ್ತಿಸಿಕೊಂಡು, ತನ್ನ ತೂಕವನ್ನು ಮೊದಲೇ ಕೊಟ್ಟು ಹುಲ್ಲು ಮೇಯುತ್ತಿತ್ತು. ಇಂಚರ ಹತ್ತಿ ಇಳಿದಳು, ನೂರ ಇಪ್ಪತ್ತೆಂಟು ಪೌಂಡು. ನಾನು ಉಸಿರೆಳೆದುಕೊಂಡು ಹತ್ತಿದೆ. ಉಸಿರಿಗೂ ತೂಕಕ್ಕೂ ಸಂಬಂಧವಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಾರು? ನೂರ ಎಂಬತ್ತೆಂಟು. ಗಿರಿಜೆಯ ಸರದಿ ಬಂದಾಗ ಅವಳು ಬರಿಗೈಯಲ್ಲಿ ಬರಲಿಲ್ಲ. ದೋಸೆ ಹಿಟ್ಟು ರುಬ್ಬುವ ಗ್ರೈಂಡರನ್ನು, ಕಲ್ಲು ಸಮೇತ, ಅವುಚಿಕೊಂಡು ಹತ್ತಿ ನಿಂತಳು.

"ಎರಡೂ ಕೂಡಿ ಬರಕೋರಿ," ಎಂದಳು. ಗದಗಿನ ಕಡೆಯವಳು, ಇಪ್ಪತ್ತೈದು ವರ್ಷದ ಅಮೆರಿಕ ಅವಳ ಮಾತನ್ನು ಮುಟ್ಟಿಲ್ಲ.

"ಬೇರೆ ಬೇರೆ ತೂಗಿದ್ರೆ ಲೆಕ್ಕ ಸುಲಭ ಆಗುತ್ತೆ ಕಣೆ," ಎಂದೆ.

"ಲೆಕ್ಕಾ ನಿಮ್ದು, ಮೈ ನಂದು. ಹೇಳಂಗಿಲ್ಲ."

ಹಾಗೆಂದು ಗ್ರೈಂಡರನ್ನು ಕೆಳಗಿಡದೆ ನೇರ ಟ್ರಕ್ಕಿನ ಹಿಂದಿನ ಸೀಟಿಗೆ ಒಯ್ದಳು. ಎರಡು ಅಜ್ಞಾತಗಳನ್ನು ಒಂದೇ ಸಮೀಕರಣದಲ್ಲಿ ಕಟ್ಟಿಹಾಕಿ ಅವಳು ನಡೆದುಹೋದ ಚಂದವನ್ನು ನಾನು ಪೆನ್ಸಿಲ್ ಹಿಡಿದು ನೋಡುತ್ತ ನಿಂತೆ. ಟ್ರಕ್ಕಿಗೆ ಮೊತ್ತವೇ ಸಾಕಾಗಿತ್ತು. ಕುತೂಹಲ ನನ್ನೊಬ್ಬನದು.

ಅಕ್ಕಿ ಚೀಲ, ಪುಸ್ತಕದ ಪೆಟ್ಟಿಗೆ ಎಲ್ಲ ಕೂಡಿಸಿದಾಗ ಮಿತಿಗಿಂತ ಹೆಚ್ಚಾದದ್ದು ನೂರ ತೊಂಬತ್ತು ಪೌಂಡು. ಆ ಅಂಕಿಯನ್ನು ನೋಡಿದೆ, ನನ್ನ ಅಂಕಿಯನ್ನೂ ನೋಡಿದೆ. ಇಡೀ ಸಂಸಾರದಲ್ಲಿ ಹೆಚ್ಚಾದ ವಸ್ತು ಯಾವುದೆಂದು ಗಣಿತ ಇಷ್ಟು ಸ್ಪಷ್ಟವಾಗಿ ಯಾರಿಗೂ ಹೇಳಿರಲಾರದು. ಟ್ರಕ್ಕು ಓಡಿಸಲಾದರೂ ನಾನು ಬೇಕೆಂದರೆ ಅದೂ ಇಲ್ಲ. ಲಾಯದಲ್ಲಿ ಕಲಿತ ಇಂಚರ ಟ್ರೇಲರನ್ನು ಹಿಮ್ಮುಖವಾಗಿ ತಿರುಗಿಸುವುದನ್ನು ನೀವು ನೋಡಬೇಕು.

"ನೀವು ಕಾರ್ ತಗೊಂಡು ಹಿಂದ ಬರ್ರಿ," ಎಂದಳು ಗಿರಿಜೆ.

ಬರಬಹುದಿತ್ತು. ಐದು ಗಂಟೆಯ ಹಾದಿಯುದ್ದಕ್ಕೂ ಟ್ರೇಲರಿನ ಹಿಂಬಾಗಿಲನ್ನು ನೋಡುತ್ತ ಸ್ನೊಕ್ವಾಲ್ಮಿ ಘಾಟಿ ಹತ್ತಿ ಇಳಿಯಬಹುದಿತ್ತು. ಆದರೆ ಅದು ಕುದುರೆಯನ್ನು ಕಳಿಸಿಕೊಟ್ಟಂತಾಗುತ್ತದೆ, ಮಗಳನ್ನಲ್ಲ. ನನಗೆ ತುಂಬ ದುಃಖವಾಯಿತು. ಆದರೂ "ಆಯ್ತು, ಹಾಗೇ ಮಾಡ್ತೀನಿ, ನನಗೂ ಆರಾಮ," ಎಂದು ಕಾರಿನ ಬೀಗದ ಕೈ ತರಲು ಒಳಗೆ ಹೋದೆ. ಅದು ಎದುರಿಗೇ ಮೊಳೆಯಲ್ಲಿ ನೇತಾಡುತ್ತಿದ್ದರೂ ಬಹಳ ಹೊತ್ತು ಹುಡುಕಿದೆ.

ಹೊರಬಂದಾಗ ಅಂಗಳದಲ್ಲೆಲ್ಲ ನೀರು. ಇಂಚರ ಟ್ರೇಲರಿನ ತೊಟ್ಟಿಯ ಮುಚ್ಚಳ ತಿರುಗಿಸಿ ಬರಿದು ಮಾಡಿದ್ದಳು. ಕುದುರೆಯ ಹುಲ್ಲಿನ ಮೂರು ಕಂತೆ ಗ್ಯಾರೇಜಿನಲ್ಲಿದ್ದವು. ಪುಸ್ತಕದ ಪೆಟ್ಟಿಗೆ, ಅಕ್ಕಿ ಚೀಲ ಮೆಟ್ಟಿಲ ಮೇಲೆ. ಕೊನೆಗೆ ಅವಳು ಗ್ರೈಂಡರನ್ನೇ ಎತ್ತಿ ಇಳಿಸಿದಾಗ ಗಿರಿಜೆ ಎದ್ದು ನಿಂತಳು.

"ದೋಸಿ ಹೆಂಗ ಮಾಡ್ಕೋತಿ?"

"ಐ ವಿಲ್ ಬೈ ಬ್ಯಾಟರ್, ಅಮ್ಮ."

ಅಂಗಡಿಯ ಹಿಟ್ಟು. ಆ ಮಾತು ಗಿರಿಜೆಗೆ ಎಲ್ಲಿ ತಾಗಿತೆಂದು ಅವಳ ಮುಖದಲ್ಲಿ ಕಂಡಿತು. ಮಗಳು ಅತ್ತ ನೋಡದೆ ಫೋನಿನಲ್ಲಿ ತನ್ನದೇ ಲೆಕ್ಕ ಮಾಡಿದಳು, ನನಗೆ ತೋರಿಸಲಿಲ್ಲ. ಆಮೇಲೆ ಕೈಯೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಪ್ಪಾ, ನೀ ಮುಂದ ಕೂಡು."

ಅಷ್ಟೇ. ತನ್ನ ತಾಯಿಯ ಗದಗಿನ ಕನ್ನಡದಲ್ಲಿ, ನಾಲ್ಕೇ ಮಾತು. ಅವಳು ನನ್ನೊಡನೆ ಕೊನೆಯ ಸಲ ಕನ್ನಡದಲ್ಲಿ ಮಾತಾಡಿದ್ದು ಯಾವಾಗಲೋ ನೆನಪಿರಲಿಲ್ಲ. ನಾನು ಮುಂದೆ ಕೂತೆ.

ಮಗಳನ್ನೂ ಕುದುರೆಯನ್ನೂ ಅಲ್ಲಿ ಬಿಟ್ಟು, ಟ್ರೇಲರನ್ನೂ ಅಲ್ಲೇ ನಿಲ್ಲಿಸಿ ನಾವಿಬ್ಬರೂ ಹಿಂತಿರುಗಿ ಬಂದು ಕೆಲವು ತಿಂಗಳಾದವು. ಬೇಸಿಗೆಗೆ ಇಂಚರ, ಬಿಸ್ಕಿಟ್ ಇಬ್ಬರೂ ಮನೆಗೆ ಬರುತ್ತಾರೆ. ಮತ್ತೆ ಹೊರಡುವಾಗ ಗ್ರೈಂಡರ್ ಹೋಗಲೇಬೇಕೆಂದು ಗಿರಿಜೆ ತೀರ್ಮಾನಿಸಿದ್ದಾಳೆ, ಮುಂದಿನ ಸೀಟು ಬಿಟ್ಟುಕೊಡುವುದಿಲ್ಲವೆಂದು ನಾನೂ ತೀರ್ಮಾನಿಸಿದ್ದೇನೆ. ಇದಕ್ಕೆ ದಾರಿ ಒಂದೇ: ಗ್ರೈಂಡರ್ ಎಷ್ಟು ತೂಗುತ್ತದೋ ಅಷ್ಟು ನಾನು ಇಳಿಯಬೇಕು. ಆದ್ದರಿಂದ ಈಚೆಗೆ ಮೂರನೆಯ ದೋಸೆ ಬೇಡವೆನ್ನುತ್ತೇನೆ, ದಿನವೂ ಬಾಗಿಲ ಬಳಿ ಚಪ್ಪಲಿ ಕಳಚಿ ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ. ಇನ್ನೆಷ್ಟು ಪೌಂಡು ಇಳಿಯಬೇಕೆಂದು ನೀವು ಕೇಳಿದರೆ ಹೇಳಲಾರೆ. ಗ್ರೈಂಡರ್ ಆ ಯಂತ್ರದ ಪಕ್ಕದಲ್ಲೇ ಕೂತಿದೆ, ಎತ್ತಿಟ್ಟರೆ ಅರ್ಧ ನಿಮಿಷದ ಕೆಲಸ. ಆದರೆ ಅದರ ತೂಕ ತಿಳಿದರೆ ಇನ್ನೊಂದು ತೂಕವೂ ತಿಳಿದುಹೋಗುತ್ತದೆ. ಅದಕ್ಕೇ ನಾನದನ್ನು ಎತ್ತಿಲ್ಲ.